ಕ್ಲೌಡ್ ಸ್ಟೋರೇಜ್ ಬಳಕೆ ಎಷ್ಟು ಬೆಳೆದಿದೆ? ಸರಿಯಾಗಿ ಅಳೆಯುವ ಬಗೆ

ತನ್ನ ಬಳಕೆದಾರರ ಸಂಖ್ಯೆ 10 ಕೋಟಿ ತಲುಪಿದೆ ಎಂದು, ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಉಳಿಸಿಡುವ ಸೇವೆಯಾದ ಡ್ರಾಪ್‌ಬಾಕ್ಸ್ 2012ರ ನವೆಂಬರ್‌ನಲ್ಲಿ ಪ್ರಕಟಿಸಿತು. 2016ರ ಮಾರ್ಚ್ ಹೊತ್ತಿಗೆ ಅದು 50 ಕೋಟಿ ಆಯಿತು. 2018ರಲ್ಲಿ ಕಂಪನಿ ಷೇರುಪೇಟೆಗೆ ಬಂದಾಗ ಹೂಡಿಕೆದಾರರ ಮುಂದಿಟ್ಟ ದಾಖಲೆಯಲ್ಲಿ ಎರಡು ಸಂಖ್ಯೆಗಳಿದ್ದವು. ನೋಂದಾಯಿತ ಬಳಕೆದಾರರು 50 ಕೋಟಿಗೂ ಹೆಚ್ಚು, ಹಣ ಕಟ್ಟಿ ಬಳಸುವವರು ಸುಮಾರು 1.1 ಕೋಟಿ. ಎರಡೂ ನಿಜ, ಆದರೆ ನಡುವಿನ ಅಂತರ ಸುಮಾರು 45 ಪಟ್ಟು. ಆ ಸೇವೆ ಎಷ್ಟು ಜನಪ್ರಿಯ ಎಂದು ಕೇಳಿದರೆ ಯಾವುದನ್ನು ಹೇಳಬೇಕು?

ಬೆಂಗಳೂರಿನಲ್ಲಿ ಈ ಪ್ರಶ್ನೆಯನ್ನು ಪತ್ರಕರ್ತರಷ್ಟೇ ಕೇಳುವುದಿಲ್ಲ. ಮುಂದಿನ ವರ್ಷಕ್ಕೆ ಎಷ್ಟು ಬ್ಯಾಂಡ್‌ವಿಡ್ತ್ ಕೊಳ್ಳಬೇಕೆಂದು ಯೋಚಿಸುವ ಕಾಲೇಜಿನ ನೆಟ್‌ವರ್ಕ್ ಅಡ್ಮಿನ್, 300 ಲೈಸೆನ್ಸ್ ಸಾಕೋ 500 ಬೇಕೋ ಎಂದು ಲೆಕ್ಕ ಹಾಕುವ ಕಚೇರಿಯ ಐಟಿ ವಿಭಾಗ, ಅಪ್‌ಲೋಡ್ ವೇಗ ಸಾಲುತ್ತಿಲ್ಲ ಎಂಬ ದೂರು ಕೇಳುವ ಅಪಾರ್ಟ್‌ಮೆಂಟ್ ಸಂಘ, ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಎಂಜಿನಿಯರಿಂಗ್ ವಿದ್ಯಾರ್ಥಿ, ಇವರೆಲ್ಲರಿಗೂ ಬೇಕಾದ ಲೆಕ್ಕ ಇದು. ಏನನ್ನು ಎಣಿಸುತ್ತಿದ್ದೇವೆ ಎಂದು ಮೊದಲೇ ತೀರ್ಮಾನಿಸಬೇಕು: ಖಾತೆಯೋ, ಮನುಷ್ಯರೋ, ಸಾಧನಗಳೋ, ಬೈಟ್‌ಗಳೋ. ಒಮ್ಮೆ ಆರಿಸಿದ ಅಳತೆಗೋಲನ್ನು ಕೊನೆಯವರೆಗೂ ಬದಲಿಸಬಾರದು. ಬೆಳವಣಿಗೆಯ ಲೆಕ್ಕ ತಪ್ಪುವುದು ಬಹುಪಾಲು ಅಳತೆಗೋಲು ನಡುದಾರಿಯಲ್ಲಿ ಬದಲಾಗುವುದರಿಂದಲೇ.

ಕಂಪನಿಗಳು ಕೊಡುವ ಸಂಖ್ಯೆ

ನೋಂದಾಯಿತ ಖಾತೆಗಳ ಸಂಖ್ಯೆ ಗ್ರಂಥಾಲಯದ ಸದಸ್ಯತ್ವದ ಪುಸ್ತಕವಿದ್ದಂತೆ. ಒಮ್ಮೆ ಬರೆದ ಹೆಸರು ಅಲ್ಲೇ ಇರುತ್ತದೆ, ಈ ವಾರ ಪುಸ್ತಕ ಒಯ್ದವರು ಯಾರೆಂದು ಅದು ಹೇಳುವುದಿಲ್ಲ. ಡ್ರಾಪ್‌ಬಾಕ್ಸ್ ಉಚಿತವಾಗಿ ಕೊಡುವುದು 2 ಜಿಬಿ. ಗೆಳೆಯರನ್ನು ಸೇರಿಸಿದರೆ ಹೆಚ್ಚುವರಿ ಜಾಗ ಸಿಗುವ ಯೋಜನೆಯೂ ಇತ್ತು. ಜಾಗಕ್ಕಾಗಿ ಇನ್ನೊಂದು ಇಮೇಲ್‌ನಿಂದ ಮತ್ತೊಂದು ಖಾತೆ ತೆರೆದವರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ.

ಅದಕ್ಕಿಂತ ಮೇಲಾದದ್ದು 30 ದಿನಗಳ ಸಕ್ರಿಯ ಬಳಕೆದಾರರ ಸಂಖ್ಯೆ. ಗೂಗಲ್ ಡ್ರೈವ್ 2012ರ ಏಪ್ರಿಲ್ 24ರಂದು 5 ಜಿಬಿ ಉಚಿತ ಜಾಗದೊಂದಿಗೆ ಶುರುವಾಯಿತು. 2014ರ ಜೂನ್‌ನಲ್ಲಿ ಗೂಗಲ್ ಹೇಳಿದ ಸಂಖ್ಯೆ 19 ಕೋಟಿ, ಅದೇ ವರ್ಷದ ಕೊನೆಯ ಭಾಗದಲ್ಲಿ 24 ಕೋಟಿ, 2018ರಲ್ಲಿ 100 ಕೋಟಿ. ಇಲ್ಲಿ ‘ಸಕ್ರಿಯ’ ಎಂದರೆ ಏನು ಎಂಬುದನ್ನು ತೀರ್ಮಾನಿಸುವುದು ಕಂಪನಿಯೇ. ಸಹೋದ್ಯೋಗಿ ಕಳಿಸಿದ ಲಿಂಕನ್ನು ತಿಂಗಳಿಗೊಮ್ಮೆ ಒತ್ತಿ ನೋಡಿದವರನ್ನೂ ದಿನವಿಡೀ ಫೋಲ್ಡರ್ ಸಿಂಕ್ ಮಾಡುವವರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಸಂಖ್ಯೆ ದೊಡ್ಡದಾಗುತ್ತದೆ, ಅರ್ಥ ತೆಳುವಾಗುತ್ತದೆ.

ಐಕ್ಲೌಡ್‌ನದ್ದು ಮತ್ತೊಂದು ಬಗೆ. 2011ರ ಅಕ್ಟೋಬರ್ 12ರಂದು ಶುರುವಾದ ಅದು 2016ರ ಫೆಬ್ರವರಿಯಲ್ಲಿ 78.2 ಕೋಟಿ ಬಳಕೆದಾರರನ್ನು ಹೊಂದಿತ್ತು. ಹೊಸ ಐಫೋನ್ ಆನ್ ಮಾಡಿ ಆಪಲ್ ಖಾತೆಗೆ ಲಾಗಿನ್ ಆದವರು ಬೇರೇನೂ ಆರಿಸದೆಯೇ ಅದರ ಬಳಕೆದಾರರಾಗುತ್ತಾರೆ. ಆ ಸಂಖ್ಯೆಯಲ್ಲಿ ಫೋನ್ ಮಾರಾಟ ಎಷ್ಟು, ಸ್ಟೋರೇಜ್ ಬೇಕೆಂದು ಬಳಸಿದ್ದು ಎಷ್ಟು ಎಂದು ಬೇರ್ಪಡಿಸಲು ಹೊರಗಿನವರಿಗೆ ದಾರಿಯಿಲ್ಲ. ಪ್ಲೇ ಸ್ಟೋರ್‌ನ ಡೌನ್‌ಲೋಡ್ ಸಂಖ್ಯೆಗೂ ಇದೇ ತೊಡಕಿದೆ. ಬಹುಪಾಲು ಆಂಡ್ರಾಯ್ಡ್ ಫೋನ್‌ಗಳಲ್ಲಿ ಗೂಗಲ್ ಡ್ರೈವ್ ಫೋನ್ ಕೊಳ್ಳುವಾಗಲೇ ಅದರೊಳಗೆ ಇರುತ್ತದೆ.

ನಮ್ಮದೇ ಡಿಜಿಲಾಕರ್ ಇನ್ನೂ ಒಳ್ಳೆಯ ಉದಾಹರಣೆ. 2015ರ ಜುಲೈ 1ರಂದು ಉದ್ಘಾಟನೆಯಾದ ಅದರಲ್ಲಿ ‘ನೀಡಲಾದ ದಾಖಲೆಗಳು’ ನೂರಾರು ಕೋಟಿಯ ಲೆಕ್ಕದಲ್ಲಿವೆ. ಆಧಾರ್, ಡ್ರೈವಿಂಗ್ ಲೈಸೆನ್ಸ್, ಅಂಕಪಟ್ಟಿ ಮುಂತಾದವು ಇಲಾಖೆಗಳು ಒದಗಿಸಿದ ದಾಖಲೆಗಳು, ಜನರು ತಾವಾಗಿ ಅಪ್‌ಲೋಡ್ ಮಾಡಿದ ಫೈಲ್‌ಗಳಲ್ಲ. ಉಪಯುಕ್ತ ಸೇವೆ ಹೌದು, ಆದರೆ ಆ ಸಂಖ್ಯೆಯನ್ನು ಡ್ರಾಪ್‌ಬಾಕ್ಸ್‌ನ ಫೈಲ್‌ಗಳ ಸಂಖ್ಯೆಯ ಪಕ್ಕದಲ್ಲಿಟ್ಟು ಹೋಲಿಸಬಾರದು.

ಗೂಗಲ್ ಟ್ರೆಂಡ್ಸ್ ನೋಡಿ ಜನಪ್ರಿಯತೆ ಹೇಳುವವರಿಗೆ ಒಂದು ಮಾತು. ಅಲ್ಲಿ 0ರಿಂದ 100ರವರೆಗೆ ಬರುವುದು ಹುಡುಕಾಟಗಳ ಎಣಿಕೆಯಲ್ಲ. ನೀವು ಆರಿಸಿದ ಅವಧಿಯ ಅತ್ಯುನ್ನತ ಮಟ್ಟಕ್ಕೆ ಹೋಲಿಸಿದ ಪ್ರಮಾಣ ಅಷ್ಟೇ. ಸೇವೆಯೊಂದು ಫೋನಿನ ಒಳಗೇ ಸೇರಿಕೊಂಡ ಮೇಲೆ ಅದರ ಹೆಸರನ್ನು ಯಾರೂ ಹುಡುಕುವುದಿಲ್ಲ. ಹಾಗಾಗಿ ಬಳಕೆ ಏರುವಾಗಲೇ ಹುಡುಕಾಟ ಇಳಿಯಬಹುದು.

ತಂತಿಯಲ್ಲಿ ಕಾಣುವುದೇನು

ಹೊರಗಿನವರು ಸ್ವತಂತ್ರವಾಗಿ ಅಳೆಯಲು ಉಳಿದಿರುವ ಗಟ್ಟಿ ದಾರಿ ನೆಟ್‌ವರ್ಕ್ ಸಂಚಾರವನ್ನು ನೋಡುವುದು. ಅದಕ್ಕೆ ಸಿಂಕ್ ಕ್ಲೈಂಟ್ (ಫೋಲ್ಡರನ್ನು ಕ್ಲೌಡ್‌ನೊಂದಿಗೆ ಹೊಂದಿಸುತ್ತಿರುವ ತಂತ್ರಾಂಶ) ಏನು ಮಾಡುತ್ತದೆ ಎಂದು ಮೊದಲು ತಿಳಿದಿರಬೇಕು.

ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಮುದ್ರಿಸುವ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಎರಡು ಕಂಪ್ಯೂಟರ್, ಒಂದು ರೂಟರ್, ಎರಡರಲ್ಲೂ ಒಂದೇ ಡ್ರಾಪ್‌ಬಾಕ್ಸ್ ಖಾತೆ. ಡಿಸೈನ್ ಮಾಡುವವರು 38 ಎಂಬಿ ಗಾತ್ರದ ಫೈಲನ್ನು ಫೋಲ್ಡರ್‌ನಲ್ಲಿ ಉಳಿಸುತ್ತಾರೆ. ಕ್ಲೈಂಟ್ ಅದನ್ನು 4 ಎಂಬಿ ತುಣುಕುಗಳಾಗಿ ಕತ್ತರಿಸುತ್ತದೆ: ಒಂಬತ್ತು ಪೂರ್ತಿ ತುಣುಕು, ಕೊನೆಯದು 2 ಎಂಬಿ. ಪ್ರತಿ ತುಣುಕಿಗೂ ಒಂದು ಹ್ಯಾಶ್ (ಬೆರಳಚ್ಚಿನಂಥ ಗುರುತು) ಲೆಕ್ಕ ಹಾಕಿ, ಈ ಹತ್ತರಲ್ಲಿ ನಿಮ್ಮ ಬಳಿ ಇಲ್ಲದ್ದು ಯಾವುದು ಎಂದು ಫೈಲ್‌ಗಳ ವಿವರವನ್ನಷ್ಟೇ ಇಡುವ ಮೆಟಾಡೇಟಾ ಸರ್ವರ್ ಅನ್ನು ಕೇಳುತ್ತದೆ. ಇಲ್ಲದ ತುಣುಕುಗಳಷ್ಟೇ ಸ್ಟೋರೇಜ್ ಸರ್ವರ್‌ಗೆ ಹೋಗುತ್ತವೆ. ಮುಗಿದ ಮೇಲೆ ಮತ್ತೆ ಮೆಟಾಡೇಟಾ ಸರ್ವರ್‌ಗೆ ವರದಿ. ಇದೆಲ್ಲದರ ಪಕ್ಕದಲ್ಲಿ, ಬೇರೆಡೆ ಏನಾದರೂ ಬದಲಾಗಿದೆಯೇ ಎಂದು ಕಾಯುತ್ತಾ ಕುಳಿತಿರುವ ಇನ್ನೊಂದು ಸಂಪರ್ಕ ದಿನವಿಡೀ ತೆರೆದಿರುತ್ತದೆ. ಅದರಲ್ಲಿ ಹರಿಯುವ ಬೈಟ್‌ಗಳು ಅತ್ಯಲ್ಪ.

ವರನ ಅಜ್ಜನ ಹೆಸರಿನಲ್ಲಿ ಒತ್ತಕ್ಷರ ತಪ್ಪಿದೆ ಎಂದು ಮನೆಯವರು ಫೋನ್ ಮಾಡುತ್ತಾರೆ. ತಿದ್ದಿ ಉಳಿಸಿದಾಗ ಬದಲಾದ ಭಾಗವನ್ನಷ್ಟೇ ಕಳಿಸಲು ಕ್ಲೈಂಟ್ ಯತ್ನಿಸುತ್ತದೆ. ಆದರೆ ಒಳಗೇ ಕುಗ್ಗಿಸಿ ಉಳಿಸುವ ಮಾದರಿಯ ಫೈಲಾದರೆ ಒಂದಕ್ಷರ ತಿದ್ದಿದರೂ ಅದರಿಂದಾಚೆಯ ಬೈಟ್‌ಗಳೆಲ್ಲ ಬದಲಾಗಬಹುದು, ಆಗ ಬಹುಪಾಲು ಮತ್ತೆ ಹೋಗಬೇಕು. ಅದೇ ಫೈಲನ್ನು ‘ಫೈನಲ್-2’ ಎಂದು ನಕಲು ಮಾಡಿಟ್ಟರೆ ಒಂದು ತುಣುಕೂ ಹೋಗುವುದಿಲ್ಲ, ಹ್ಯಾಶ್‌ಗಳು ಆಗಲೇ ಅಲ್ಲಿವೆ. ಮುದ್ರಣದ ಪಕ್ಕದ ಕಂಪ್ಯೂಟರ್‌ಗೆ ಆ 38 ಎಂಬಿ ಇಂಟರ್ನೆಟ್‌ನಿಂದ ಇಳಿಯುವ ಬದಲು, 17500ನೇ ಪೋರ್ಟ್ ಮೂಲಕ ಒಳಗಿನಿಂದೊಳಗೇ ಬರಬಹುದು. ಡ್ರಾಪ್‌ಬಾಕ್ಸ್‌ನ ಲ್ಯಾನ್ ಸಿಂಕ್ ಮಾಡುವ ಕೆಲಸ ಅದು. ಗ್ರಾಹಕರಿಗೆ ವಾಟ್ಸಾಪ್‌ನಲ್ಲಿ ಲಿಂಕ್ ಹೋದರೆ ಅವರು ಅದನ್ನು ಬ್ರೌಸರ್‌ನಲ್ಲಿ ತೆರೆಯುತ್ತಾರೆ, ಅದೂ ಅಂಗಡಿಯ ರೂಟರ್ ಮೂಲಕ ಅಲ್ಲ.

ಈಗ ಅಂಗಡಿಯ ರೂಟರ್ ಬಳಿ ಕುಳಿತು ಅಳೆಯುವವರಿಗೆ ಸಿಕ್ಕಿದ್ದೇನು? ಒಂದು ಐಪಿ ವಿಳಾಸ, 38 ಎಂಬಿ ಮತ್ತು ಇನ್ನಷ್ಟು ಅಪ್‌ಲೋಡ್, ಡೌನ್‌ಲೋಡ್ ಹೆಚ್ಚುಕಡಿಮೆ ಸೊನ್ನೆ. ಇಬ್ಬರು ಕೆಲಸಗಾರರು, ಎರಡು ಯಂತ್ರ, ಮೂರು ಆವೃತ್ತಿ, ಒಬ್ಬ ಗ್ರಾಹಕ, ಇಷ್ಟೂ ಒಂದು ಸಾಲಿನಲ್ಲಿ ಅಡಗಿಹೋಗಿವೆ. ನೆಟ್‌ವರ್ಕ್ ಅಳತೆ ಪ್ರಾಮಾಣಿಕವಾದದ್ದು, ಆದರೆ ಅದು ಕಾಣುವುದು ತನ್ನ ಮುಂದೆ ಹಾದುಹೋದದ್ದನ್ನು ಮಾತ್ರ.

ಈ ವಿಷಯದಲ್ಲಿ ಮಾದರಿಯಾಗಿ ನಿಂತ ಕೆಲಸ 2012ರದ್ದು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯ ಮತ್ತು ಇಟಲಿಯ ಟೊರಿನೊ ಪಾಲಿಟೆಕ್ನಿಕ್‌ನ ಸಂಶೋಧಕರು ಯುರೋಪಿನ ನಾಲ್ಕು ಕಡೆ, ಎರಡು ಕ್ಯಾಂಪಸ್ ಮತ್ತು ಎರಡು ಮನೆ-ಸಂಪರ್ಕಗಳ ಜಾಲದಲ್ಲಿ, ಮಾರ್ಚ್ ಕೊನೆಯಿಂದ ಮೇ ಮೊದಲ ವಾರದವರೆಗೆ 42 ದಿನ ಸತತವಾಗಿ ಸಂಚಾರವನ್ನು ದಾಖಲಿಸಿದರು. ಒಂದು ಕ್ಯಾಂಪಸ್‌ನಲ್ಲಿ ಡ್ರಾಪ್‌ಬಾಕ್ಸ್ ಒಂದೇ ಒಟ್ಟು ಸಂಚಾರದ ಸುಮಾರು 4% ಇತ್ತು, ಅಲ್ಲಿಯ ಯೂಟ್ಯೂಬ್ ಸಂಚಾರದ ಮೂರನೇ ಒಂದು ಭಾಗದಷ್ಟು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಒಂದು ಮನೆ-ಜಾಲದ ಫಲಿತಾಂಶ. ಮನೆಗಳ ಎಣಿಕೆಯಲ್ಲಿ ಐಕ್ಲೌಡ್ ಮುಂದಿತ್ತು: ಐಕ್ಲೌಡ್ 11.1%, ಡ್ರಾಪ್‌ಬಾಕ್ಸ್ 6.9%. ಬೈಟ್‌ಗಳ ಎಣಿಕೆಯಲ್ಲಿ ಡ್ರಾಪ್‌ಬಾಕ್ಸ್ ಎಲ್ಲರಿಗಿಂತ ಬಹಳ ಮುಂದಿತ್ತು. ಒಂದೇ ಜಾಲ, ಅದೇ ದಿನಗಳು, ಆದರೂ ಮೊದಲ ಸ್ಥಾನಕ್ಕೆ ಇಬ್ಬರು. ಗೂಗಲ್ ಡ್ರೈವ್ ಬಿಡುಗಡೆಯಾದ ದಿನವೇ ಅವರ ದಾಖಲೆಯಲ್ಲಿ ಕಾಣಿಸಿಕೊಂಡಿತು. ಅಳತೆಯನ್ನು ಮೊದಲೇ ಶುರು ಮಾಡಿ ನಿಲ್ಲಿಸದೆ ನಡೆಸಿದ್ದರಿಂದ ಸಿಕ್ಕ ಫಲ ಅದು.

ನಿಮ್ಮ ಗೇಟ್‌ವೇಯಲ್ಲಿ ಅಳೆಯುವುದು

ಕಾಲೇಜು ಅಥವಾ ಕಚೇರಿಯ ಜಾಲದಲ್ಲಿ ಇದನ್ನು ಮಾಡಲು ದುಬಾರಿ ಸಲಕರಣೆ ಬೇಡ. ಮುಖ್ಯ ಸ್ವಿಚ್‌ನಲ್ಲಿ ಒಂದು ಮಿರರ್ ಪೋರ್ಟ್ (ಹಾದುಹೋಗುವ ಸಂಚಾರದ ನಕಲನ್ನು ಕೊಡುವ ಕಿಂಡಿ), ಅದಕ್ಕೆ ಜೋಡಿಸಿದ ಒಂದು ಲಿನಕ್ಸ್ ಯಂತ್ರ, ಅದರಲ್ಲಿ ಸಂಚಾರವನ್ನು ದಾಖಲಿಸುವ ಜೀಕ್ ಅಥವಾ ಟಿಸ್ಟ್ಯಾಟ್ ತಂತ್ರಾಂಶ. ಮಿರರ್ ಮಾಡುವ ಜಾಗ ನ್ಯಾಟ್ (ಒಳಗಿನ ಹಲವು ವಿಳಾಸಗಳು ಹೊರಗೆ ಒಂದೇ ಐಪಿಯಾಗಿ ಬದಲಾಗುವುದು) ಆಗುವ ಮೊದಲಿರಬೇಕು, ಅಂದರೆ ಫೈರ್‌ವಾಲ್‌ನ ಒಳಬದಿ. ಹೊರಬದಿಯಲ್ಲಿ ಹಿಡಿದರೆ ಇಡೀ ಹಾಸ್ಟೆಲ್ ಒಂದೇ ಐಪಿಯಾಗಿ ಕಾಣುತ್ತದೆ.

ಮಿರರ್ ಪೋರ್ಟ್‌ನಲ್ಲೇ ಮೊದಲ ಪೆಟ್ಟು ಬೀಳುವುದು. 1 ಜಿಬಿಪಿಎಸ್ ಲಿಂಕ್ ಎರಡೂ ದಿಕ್ಕಿನಲ್ಲಿ ತುಂಬಿದರೆ ಒಟ್ಟು 2 ಜಿಬಿಪಿಎಸ್ ಆಗುತ್ತದೆ, ಅದನ್ನು 1 ಜಿಬಿಪಿಎಸ್ ಮಿರರ್ ಪೋರ್ಟ್‌ಗೆ ಸುರಿದರೆ ಉಳಿದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಬೀಳುವುದು ಹೆಚ್ಚು ದಟ್ಟಣೆಯ ಹೊತ್ತಿನಲ್ಲಿ, ಅಂದರೆ ನೀವು ಅಳೆಯಬೇಕಾದ ಹೊತ್ತಿನಲ್ಲೇ. ಸ್ವಿಚ್‌ನ ಡ್ರಾಪ್ ಕೌಂಟರ್ ಮತ್ತು ಜೀಕ್‌ನ ನಷ್ಟದ ಲಾಗ್ ಎರಡನ್ನೂ ದಿನವೂ ನೋಡಿ. ನಷ್ಟ ಹೆಚ್ಚಿದ ದಿನವನ್ನು ಗುರುತು ಹಾಕಿಡಿ.

ಯಾವ ಸಂಪರ್ಕ ಯಾವ ಸೇವೆಯದ್ದು ಎಂದು ತಿಳಿಯುವುದು ಎಸ್‌ಎನ್‌ಐಯಿಂದ. ಟಿಎಲ್‌ಎಸ್ ಎಂಬ ಗೂಢಲಿಪಿಯ ಸಂಪರ್ಕ ಶುರುವಾಗುವಾಗ ಕ್ಲೈಂಟ್ ತನಗೆ ಬೇಕಾದ ಸರ್ವರ್‌ನ ಹೆಸರನ್ನು ಬಿಚ್ಚಿ ಹೇಳುತ್ತದೆ, ಅದೇ ಎಸ್‌ಎನ್‌ಐ. 2018ರ ಟಿಎಲ್‌ಎಸ್ 1.3ರಲ್ಲಿ ಸರ್ವರ್‌ನ ಪ್ರಮಾಣಪತ್ರ ಗೂಢಲಿಪಿಯೊಳಗೆ ಹೋಯಿತು, ಈ ಹೆಸರು ಮಾತ್ರ ಹೊರಗೆ ಉಳಿಯಿತು. ಗೂಗಲ್ ಸೇವೆಗಳು ಹೆಚ್ಚಾಗಿ ಬಳಸುವ ಕ್ವಿಕ್ ಎಂಬ ಸಾಗಣೆ ವಿಧಾನದಲ್ಲಿ ಮೊದಲ ಪ್ಯಾಕೆಟ್ ಗೂಢಲಿಪಿಯಲ್ಲಿದ್ದರೂ ಅದರ ಕೀಲಿಯನ್ನು ಆ ಪ್ಯಾಕೆಟ್‌ನಿಂದಲೇ ಲೆಕ್ಕ ಹಾಕಬಹುದು. ಜೀಕ್‌ನ ಹೊಸ ಆವೃತ್ತಿಗಳು ಆ ಕೆಲಸವನ್ನು ಮಾಡುತ್ತವೆ. ಹಳೆಯ ಆವೃತ್ತಿಯಲ್ಲಿ ಉಳಿದವರಿಗೆ ಗೂಗಲ್ ಡ್ರೈವ್‌ನ ಬಳಕೆ ವರ್ಷದಿಂದ ವರ್ಷಕ್ಕೆ ಕುಸಿದಂತೆ ಕಾಣಬಹುದು. ನಿಜದಲ್ಲಿ ಅದು ಹಳೆಯ ಸಾಗಣೆ ವಿಧಾನವಾದ ಟಿಸಿಪಿಯಿಂದ, ಕ್ವಿಕ್ ಓಡುವ ಯುಡಿಪಿಗೆ ಜಾರಿರುತ್ತದೆ ಅಷ್ಟೇ.

ಹೆಸರುಗಳ ಪಟ್ಟಿ ಕಟ್ಟುವುದು ತಾಳ್ಮೆಯ ಕೆಲಸ. ಡ್ರಾಪ್‌ಬಾಕ್ಸ್ ಸುಲಭ, ಅದರ ಡೊಮೇನ್‌ಗಳು ಅದರದ್ದೇ. ಐಕ್ಲೌಡ್‌ಗೆ ಮೆಟಾಡೇಟಾದ ಹೆಸರು ಬೇರೆ, ಫೈಲ್‌ಗಳಿಗೆ ‘ಐಕ್ಲೌಡ್-ಕಂಟೆಂಟ್’ ಎಂಬ ಹೆಸರು ಬೇರೆ. ಎರಡನೆಯದನ್ನು ಎಣಿಸಿದರೆ ನಿಜವಾಗಿ ಫೈಲ್ ಸಾಗಿಸಿದವರು ಸಿಗುತ್ತಾರೆ. ಒನ್‌ಡ್ರೈವ್‌ನಲ್ಲಿ ಮನೆಬಳಕೆಯ ಖಾತೆ ಒಂದು ಡೊಮೇನ್‌ನಲ್ಲಿ, ಕಚೇರಿಯ ಖಾತೆ ಕಂಪನಿಯ ಹೆಸರಿನ ನಂತರ ‘-ಮೈ’ ಸೇರಿದ ಶೇರ್‌ಪಾಯಿಂಟ್ ವಿಳಾಸದಲ್ಲಿ. ಟೀಮ್ಸ್‌ನಲ್ಲಿ ಹಾಕಿದ ಫೈಲ್ ಕೂಡ ಶೇರ್‌ಪಾಯಿಂಟ್ ಕಡೆಗೇ ಹೋಗುತ್ತದೆ. ಒನ್‌ಡ್ರೈವ್ ಎಂಬ ಹೆಸರನ್ನೇ ಕೇಳದವರೂ ಹೀಗೆ ಅದರ ಬಳಕೆದಾರರಾಗುತ್ತಾರೆ. ಅವರನ್ನು ಸೇರಿಸುವಿರೋ ಬಿಡುವಿರೋ, ಮೊದಲೇ ಬರೆದಿಡಿ. ಕಷ್ಟದ್ದು ಗೂಗಲ್. ಡ್ರೈವ್, ಫೋಟೋಸ್, ಜಿಮೇಲ್ ಅಟ್ಯಾಚ್‌ಮೆಂಟ್ ಹಲವು ಹೆಸರುಗಳನ್ನು ಹಂಚಿಕೊಳ್ಳುತ್ತವೆ. ಅಲ್ಲಿ ‘ಗೂಗಲ್ ಸ್ಟೋರೇಜ್ ಒಟ್ಟು’ ಎಂಬ ಒಂದೇ ಸಾಲು ಇಡುವುದು ನ್ಯಾಯ. ಬಲವಂತವಾಗಿ ಬೇರ್ಪಡಿಸಿದರೆ ಊಹೆಯನ್ನು ಅಳತೆಯೆಂದು ಕೊಟ್ಟಂತಾಗುತ್ತದೆ.

ಐಪಿ ವಿಳಾಸಗಳ ಪಟ್ಟಿಯಿಂದ ಸೇವೆಯನ್ನು ಗುರುತಿಸಲು ಹೋಗಬೇಡಿ. 2012ರಲ್ಲಿ ಡ್ರಾಪ್‌ಬಾಕ್ಸ್‌ನ ನಿಯಂತ್ರಣ ಸರ್ವರ್‌ಗಳು ಅದರದ್ದೇ ಆಗಿದ್ದವು, ಫೈಲ್‌ಗಳು ಮಾತ್ರ ಅಮೆಜಾನ್‌ನಲ್ಲಿದ್ದವು. 2016ರ ಮಾರ್ಚ್‌ನಲ್ಲಿ ಕಂಪನಿ ಬಳಕೆದಾರರ ದತ್ತಾಂಶದ 90%ಗೂ ಹೆಚ್ಚು ಭಾಗವನ್ನು ಸ್ವಂತ ವ್ಯವಸ್ಥೆಗೆ ಸಾಗಿಸಿದ್ದಾಗಿ ಹೇಳಿತು. ಅಮೆಜಾನ್ ವಿಳಾಸ ನೋಡಿ ಎಣಿಸುತ್ತಿದ್ದವರ ಗ್ರಾಫ್‌ನಲ್ಲಿ ಆ ಹೊತ್ತಿಗೆ ಡ್ರಾಪ್‌ಬಾಕ್ಸ್ ನೆಲಕಚ್ಚಿರಬೇಕು.

ಪ್ರತಿ ಸಂಪರ್ಕಕ್ಕೂ ಇಷ್ಟು ಸಾಕು: ಶುರುವಾದ ಸಮಯ, ಎಷ್ಟು ಹೊತ್ತು ನಡೆಯಿತು, ಸಾಧನದ ಗುರುತು, ಸರ್ವರ್ ಹೆಸರು, ಮೇಲೆ ಹೋದ ಬೈಟ್, ಕೆಳಗೆ ಬಂದ ಬೈಟ್. ಫೈಲ್‌ನ ಒಳಗೇನಿದೆ ಎಂಬುದು ಬೇಡವೂ ಬೇಡ, ಕಾಣುವುದೂ ಇಲ್ಲ. ಸಾಧನದ ಗುರುತನ್ನು ಗುಪ್ತ ಕೀಲಿ ಬೆರೆಸಿದ ಹ್ಯಾಶ್ ಆಗಿ ಬದಲಿಸಿ. ಬರೀ ಐಪಿಯನ್ನು ಹ್ಯಾಶ್ ಮಾಡಿದರೆ ಪ್ರಯೋಜನವಿಲ್ಲ, ಐಪಿ ವಿಳಾಸದ ಹಳೆಯ ಮಾದರಿಯಾದ ಐಪಿವಿ4ನಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ, ಎಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಲು ಮಾಮೂಲಿ ಕಂಪ್ಯೂಟರ್ ಸಾಕು. ಕೀಲಿಯನ್ನು ಅಧ್ಯಯನದ ನಡುವೆ ಬದಲಿಸಿದರೆ ನಿನ್ನೆಯ ಸಾಧನ ಇಂದು ಹೊಸದಾಗಿ ಎಣಿಕೆಗೆ ಬರುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಆಡಳಿತದ ಲಿಖಿತ ಒಪ್ಪಿಗೆ ಪಡೆದು, ಏನನ್ನು ದಾಖಲಿಸುತ್ತೀರಿ ಎಂದು ಬಳಕೆದಾರರಿಗೆ ತಿಳಿಸಿಯೇ ಶುರು ಮಾಡಿ. ಯಾರು ಯಾವ ಸರ್ವರ್‌ಗೆ ಯಾವಾಗ ಹೋದರು ಎಂಬುದು ಕೂಡ ಒಬ್ಬರ ಖಾಸಗಿ ಬದುಕಿನ ಭಾಗ.

ಸಮಯದಲ್ಲಿ ಎರಡು ಗುಂಡಿಗಳಿವೆ. ಜೀಕ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯದಲ್ಲಿ, ಬರೆಯುತ್ತದೆ. ಬದಲಿಸದೆ ದಿನಗಳಾಗಿ ಕತ್ತರಿಸಿದರೆ ನಿಮ್ಮ ‘ದಿನ’ ಬೆಳಗಿನ 5.30ಕ್ಕೆ ಶುರುವಾಗುತ್ತದೆ. ಫೋಟೊ ಬ್ಯಾಕಪ್ ನಡೆಯುವುದು ಹೆಚ್ಚಾಗಿ ರಾತ್ರಿ, ಫೋನ್ ಚಾರ್ಜಿಗೆ ಹಾಕಿ ವೈಫೈಯಲ್ಲಿರುವಾಗ. ಹಾಗಾಗಿ ಭಾನುವಾರ ನಸುಕಿನ ಅಪ್‌ಲೋಡ್ ಶನಿವಾರದ ಖಾತೆಗೆ ಬೀಳುತ್ತದೆ. ಎರಡನೆಯದು, ಸಂಪರ್ಕದ ದಾಖಲೆ ಬರೆಯಲ್ಪಡುವುದು ಅದು ಮುಗಿದ ಮೇಲೆ. ಎರಡು ದಿನ ತೆರೆದೇ ಇದ್ದ ಸಂಪರ್ಕದ ಬೈಟ್‌ಗಳೆಲ್ಲ ಶುರುವಾದ ದಿನದ ಲೆಕ್ಕಕ್ಕೆ ಹೋಗುತ್ತವೆ, ಆ ದಿನದ ವರದಿಯನ್ನು ನೀವು ಆಗಲೇ ತೆಗೆದಿದ್ದರೆ ಎಲ್ಲಿಗೂ ಹೋಗುವುದಿಲ್ಲ. ವರದಿಯನ್ನು ಮೂರು ದಿನ ತಡವಾಗಿ ತೆಗೆದರೆ ಈ ಸಮಸ್ಯೆ ಬಹುಪಾಲು ತೀರುತ್ತದೆ.

ಎಣಿಕೆ ಎಲ್ಲಿ ಜಾರುತ್ತದೆ

‘ಬಳಸಿದರು’ ಎಂದು ಯಾವಾಗ ಹೇಳಬೇಕು? ಕ್ಲೈಂಟ್ ಅಳವಡಿಸಿದ ಲ್ಯಾಪ್‌ಟಾಪ್ ಆನ್ ಆದರೆ ಸಾಕು, ಮಾಲೀಕರು ಆ ಫೋಲ್ಡರ್ ಮುಟ್ಟದಿದ್ದರೂ ಸಂಪರ್ಕ ಆಗುತ್ತದೆ. ಸಂಪರ್ಕ ಶುರು ಮಾಡುವ ಟಿಎಲ್‌ಎಸ್ ಕೈಕುಲುಕುವಿಕೆಗೇ ಕೆಲವು ಕೆಬಿ ಬೇಕು. ಸಾಧನವೊಂದು ದಿನಕ್ಕೆ ಕಳಿಸಿದ ಬೈಟ್‌ಗಳ ಹಿಸ್ಟೋಗ್ರಾಂ (ಯಾವ ಗಾತ್ರಕ್ಕೆ ಎಷ್ಟು ಸಾಧನ ಎಂಬ ಕಂಬಚಿತ್ರ) ಬಿಡಿಸಿ, ಅಡ್ಡಲಾಗಿರುವ ಬೈಟ್ ಅಕ್ಷವನ್ನು ಲಾಗ್ ಅಳತೆಯಲ್ಲಿಡಿ, ಅಂದರೆ ಪ್ರತಿ ಹೆಜ್ಜೆಗೂ ಹತ್ತು ಪಟ್ಟು. ಸಾಮಾನ್ಯವಾಗಿ ಎರಡು ಉಬ್ಬು ಕಾಣುತ್ತವೆ: ಸುಮ್ಮನೆ ಇದ್ದೇನೆ ಎನ್ನುವವರದ್ದು ಚಿಕ್ಕ ಕಡೆ, ಫೈಲ್ ಕಳಿಸಿದವರದ್ದು ದೊಡ್ಡ ಕಡೆ. ನಡುವಿನ ತಗ್ಗಿನಲ್ಲಿ ಗೆರೆ ಎಳೆಯಿರಿ, ಅದು 100 ಕೆಬಿ ಬಂದರೆ 100 ಕೆಬಿ. ಮುಂದಿನ ವರ್ಷವೂ ಅದೇ ಗೆರೆ.

ಫೋನ್‌ಗಳ ವಿಷಯದಲ್ಲಿ ಎಣಿಕೆ ಉಬ್ಬುತ್ತದೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ (ಸಾಧನದ ಸ್ಥಿರ ಗುರುತಿನ) ಬದಲು ಯಾದೃಚ್ಛಿಕ ವಿಳಾಸ ಕೊಡುತ್ತವೆ. ಒಂದು ಜಾಲಕ್ಕೆ ಒಂದು ವಿಳಾಸವಾದರೂ, ನಾಲ್ಕು ಹೆಸರಿನ ವೈಫೈ ಇರುವ ಕ್ಯಾಂಪಸ್‌ನಲ್ಲಿ ಒಂದೇ ಫೋನ್ ನಾಲ್ಕಾಗುತ್ತದೆ. ಹೊಸ ಮಾದರಿಯಾದ ಐಪಿವಿ6ನ ತಾತ್ಕಾಲಿಕ ವಿಳಾಸಗಳು ದಿನಕ್ಕೊಮ್ಮೆ ಬದಲಾಗುತ್ತವೆ. ಲಾಗಿನ್ ಆಗಿ ಬಳಸುವ ವೈಫೈ ಇದ್ದರೆ ಆ ಬಳಕೆದಾರ ಗುರುತಿನ ಹ್ಯಾಶ್ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು.

ಇಳಿಸುವ ದೋಷಗಳೂ ಇವೆ. ಮೊಬೈಲ್ ಡೇಟಾದಲ್ಲಿ ಆದ ಬ್ಯಾಕಪ್ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಲ್ಯಾನ್ ಸಿಂಕ್ ಬೀಳುವುದಿಲ್ಲ. ಬೆಂಗಳೂರಿನ ಮನೆಗಳಲ್ಲಿ ದೊಡ್ಡ ಕುರುಡುಜಾಗ ಕಚೇರಿಯ ವಿಪಿಎನ್. ಮಹದೇವಪುರದ ಅಪಾರ್ಟ್‌ಮೆಂಟ್‌ನಲ್ಲಿ ವರ್ಕ್ ಫ್ರಂ ಹೋಂ ಮಾಡುವವರ ಲ್ಯಾಪ್‌ಟಾಪ್ ಎಲ್ಲವನ್ನೂ ವಿಪಿಎನ್ ಮೂಲಕ ಕಳಿಸಿದರೆ, ಎಷ್ಟೇ ಒನ್‌ಡ್ರೈವ್ ಬಳಸಲಿ, ಹೊರಗೆ ಕಾಣುವುದು ಒಂದೇ ಒಂದು ಸುರಂಗ. ಮುಂದೊಂದು ದಿನ ಕಂಪನಿ ನೀತಿ ಬದಲಿಸಿ ಒನ್‌ಡ್ರೈವ್ ಅನ್ನು ನೇರವಾಗಿ ಬಿಟ್ಟರೆ, ಮರುದಿನವೇ ಆ ಕಟ್ಟಡದಲ್ಲಿ ಬಳಕೆ ಹಾರಿದಂತೆ ತೋರುತ್ತದೆ.

ಇಂಟರ್ನೆಟ್ ಸೇವಾದಾರರ ಮಟ್ಟದಲ್ಲಿ ನೆಟ್‌ಫ್ಲೋ (ರೂಟರ್ ತಾನೇ ಬರೆಯುವ ಸಂಪರ್ಕಗಳ ಸಾರಾಂಶ) ಬಳಸುವವರು ಸ್ಯಾಂಪ್ಲಿಂಗ್ ನೆನಪಿಡಬೇಕು. 1,000 ಪ್ಯಾಕೆಟ್‌ಗೆ ಒಂದನ್ನು ನೋಡುವ ರೂಟರ್‌ಗೆ 38 ಎಂಬಿ ಅಪ್‌ಲೋಡ್‌ನ ಸುಮಾರು 27,000 ಪ್ಯಾಕೆಟ್‌ಗಳಲ್ಲಿ 27ರಷ್ಟು ಸಿಗುತ್ತವೆ, ಹಾಗಾಗಿ ಆ ಅಪ್‌ಲೋಡ್ ತಪ್ಪಿಹೋಗುವುದಿಲ್ಲ. ಹತ್ತು ಪ್ಯಾಕೆಟ್‌ಗಳ ಚಿಕ್ಕ ಸಂಪರ್ಕ ಸಿಗುವ ಸಾಧ್ಯತೆ ಸುಮಾರು 1%. ಬೈಟ್‌ಗಳ ಮೊತ್ತಕ್ಕೆ ಆ ದಾಖಲೆ ಚೆನ್ನಾಗಿದೆ, ಜನರ ಎಣಿಕೆಗೆ ಆಗುವುದಿಲ್ಲ.

ಬೆಳವಣಿಗೆಯ ಲೆಕ್ಕ

ಒಂದು ಕಲ್ಪಿತ ಕ್ಯಾಂಪಸ್ ತೆಗೆದುಕೊಳ್ಳೋಣ, ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ಮೊದಲ ವರ್ಷ ಜಾಲದಲ್ಲಿ 4,000 ಸಾಧನ, ಅದರಲ್ಲಿ ಕ್ಲೌಡ್ ಬಳಸಿದವು 1,200. ಎರಡು ವರ್ಷದ ನಂತರ 6,500 ಸಾಧನ, ಕ್ಲೌಡ್ ಬಳಸಿದವು 2,080. ಬಳಕೆ 73% ಏರಿದೆ ಎಂದು ಬರೆಯಬಹುದು. ಆದರೆ ಪ್ರಮಾಣ 30%ರಿಂದ 32%ಕ್ಕೆ ಏರಿದೆ ಅಷ್ಟೇ, ಬೆಳೆದದ್ದು ಬಹುಪಾಲು ಕ್ಯಾಂಪಸ್. ಈಗ ಬೈಟ್ ನೋಡಿ: ದಿನಕ್ಕೆ 180 ಜಿಬಿ ಇದ್ದದ್ದು 540 ಜಿಬಿ ಆಯಿತು, ಮೂರು ಪಟ್ಟು. ಒಟ್ಟು ಸಂಚಾರ 6,000 ಜಿಬಿಯಿಂದ 24,000 ಜಿಬಿಗೆ ಏರಿದ್ದರೆ ಪಾಲು 3%ರಿಂದ 2.25%ಕ್ಕೆ ಇಳಿದಿದೆ, ಏಕೆಂದರೆ ವಿಡಿಯೊ ಇನ್ನೂ ವೇಗವಾಗಿ ಬೆಳೆಯಿತು. ನಾಲ್ಕೂ ಅಂಕಿ ಸರಿಯೇ. ಬ್ಯಾಂಡ್‌ವಿಡ್ತ್ ಕೊಳ್ಳುವವರಿಗೆ ಬೇಕಾದದ್ದು 540, ಅದರಲ್ಲೂ ಅಪ್‌ಲೋಡ್ ದಿಕ್ಕಿನದ್ದು. ಲೈಸೆನ್ಸ್ ಕೊಳ್ಳುವವರಿಗೆ 2,080. ಜನರ ಅಭ್ಯಾಸ ಬದಲಾಯಿತೇ ಎಂದು ಕೇಳುವವರಿಗೆ 30 ಮತ್ತು 32.

ಬೈಟ್‌ಗಳ ಸರಾಸರಿಯನ್ನು ನಂಬಬೇಡಿ. ವಿಡಿಯೊ ಎಡಿಟ್ ಮಾಡುವ ನಾಲ್ಕೈದು ಮಂದಿ ಸೇರಿದರೆ ಇಡೀ ಕ್ಯಾಂಪಸ್‌ನ ಸರಾಸರಿ ಎದ್ದು ನಿಲ್ಲುತ್ತದೆ. ಮಧ್ಯಾಂಕವನ್ನು (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಮೌಲ್ಯ) ಪಕ್ಕದಲ್ಲಿ ಕೊಡಿ, ಮೇಲಿನ 1% ಸಾಧನಗಳನ್ನು ತೆಗೆದು ಮತ್ತೊಮ್ಮೆ ಲೆಕ್ಕ ಹಾಕಿ.

ಹೋಲಿಕೆಗೆ ಯಾವ ವಾರಗಳು ಎಂಬುದು ನಮ್ಮ ಊರಿನಲ್ಲಿ ಇನ್ನಷ್ಟು ಮುಖ್ಯ. ಅಕ್ಟೋಬರ್‌ಗೆ ಅಕ್ಟೋಬರ್ ಹೋಲಿಸಿದರೆ ಸರಿ ಎನಿಸುತ್ತದೆ. ಆದರೆ ವಿಜಯದಶಮಿ 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. ಬಲಿಪಾಡ್ಯಮಿ 2024ರಲ್ಲಿ ನವೆಂಬರ್‌ಗೆ ಹೋಗಿತ್ತು, 2025ರಲ್ಲಿ ಅಕ್ಟೋಬರ್‌ನಲ್ಲೇ ಬಂತು. ಹಬ್ಬಕ್ಕೆ ಅರ್ಧ ಊರು ಖಾಲಿಯಾಗುವ ಬೆಂಗಳೂರಿನಲ್ಲಿ ಈ ವ್ಯತ್ಯಾಸ ಒಂದು ವರ್ಷದ ಬೆಳವಣಿಗೆಯನ್ನೇ ನುಂಗಬಲ್ಲದು. ಊರಿಂದ ಮರಳಿದ ಮೊದಲ ರಾತ್ರಿ ಹಬ್ಬದ ಫೋಟೊಗಳೆಲ್ಲ ಒಟ್ಟಿಗೆ ಮೇಲೇರುತ್ತವೆ, ಅದೂ ಗ್ರಾಫ್‌ನಲ್ಲಿ ಒಂದು ಶಿಖರ. ಕಾಲೇಜಿನ ಪರೀಕ್ಷೆ, ರಜೆ, ಹಬ್ಬ ಯಾವುದೂ ಇಲ್ಲದ ನಾಲ್ಕು ಪೂರ್ತಿ ವಾರಗಳನ್ನು ಆರಿಸಿ. ರಸ್ತೆ ಅಗೆದು ಫೈಬರ್ ತುಂಡಾದ ದಿನವನ್ನು ಮತ್ತು ಅದರ ಮರುದಿನವನ್ನು ಗುರುತು ಹಾಕಿ, ಏಕೆಂದರೆ ತಡೆದು ನಿಂತ ಸಿಂಕ್ ಎಲ್ಲ ಮರುದಿನ ಒಟ್ಟಿಗೆ ಹರಿಯುತ್ತದೆ.

ಸೇವೆಗಳ ನಿಯಮ ಬದಲಾದ ದಿನಗಳನ್ನೂ ಗ್ರಾಫ್ ಮೇಲೆ ನಿಂತ ಗೆರೆಯಾಗಿ ಎಳೆಯಿರಿ. 2019ರ ಮಾರ್ಚ್‌ನಲ್ಲಿ ಡ್ರಾಪ್‌ಬಾಕ್ಸ್ ಉಚಿತ ಖಾತೆಗಳನ್ನು ಮೂರು ಸಾಧನಕ್ಕೆ ಮಿತಿಗೊಳಿಸಿತು. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ ನಿಂತಿತು. ಇಂಥ ಗೆರೆಗಳಿಲ್ಲದೆ ತೋರಿಸಿದ ಏರಿಳಿತಕ್ಕೆ ಓದುಗರು ತಮಗೆ ತೋಚಿದ ಕಾರಣ ಹಚ್ಚುತ್ತಾರೆ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಅನೇಕ ಕಡೆ 181ನೇ ದಿನ ಅಳಿಸಿಹೋಗುತ್ತದೆ. ವರ್ಷದಿಂದ ವರ್ಷಕ್ಕೆ ಹೋಲಿಸಲು ಅದು ಸಾಲದು. ಮೂಲ ಲಾಗ್ ಹೋಗಲಿ, ಪ್ರತಿ ದಿನ ಪ್ರತಿ ಸೇವೆಗೆ ಸಾಧನಗಳ ಸಂಖ್ಯೆ, ಅಪ್‌ಲೋಡ್, ಡೌನ್‌ಲೋಡ್, ಮಧ್ಯಾಂಕ ಎಂಬ ನಾಲ್ಕು ಅಂಕಿಗಳ ಸಾರಾಂಶವನ್ನು ಬೇರೆ ಫೈಲಿನಲ್ಲಿ ಉಳಿಸಿ. ಅದರಲ್ಲಿ ಯಾರ ಗುರುತೂ ಇರುವುದಿಲ್ಲ.

ಜನರನ್ನು ಕೇಳುವುದು

ಸಮೀಕ್ಷೆಯಲ್ಲಿ ‘ನೀವು ಕ್ಲೌಡ್ ಸ್ಟೋರೇಜ್ ಬಳಸುತ್ತೀರಾ’ ಎಂದು ಕೇಳಬೇಡಿ. ಹತ್ತು ಸಾವಿರ ಫೋಟೊ ಗೂಗಲ್‌ನಲ್ಲಿರುವವರೂ ಇಲ್ಲ ಎನ್ನುತ್ತಾರೆ. ‘ಫೋನ್ ಇವತ್ತು ಬಸ್ಸಲ್ಲಿ ಕಳೆದುಹೋದರೆ ಫೋಟೊ ವಾಪಸ್ ಸಿಗುತ್ತಾ? ಎಲ್ಲಿಂದ?’ ಎಂದು ಕೇಳಿ. ಒಪ್ಪಿದರೆ ಫೋಟೋಸ್ ಆ್ಯಪ್‌ನಲ್ಲಿ ಬ್ಯಾಕಪ್ ಆನ್ ಇದೆಯೇ ಎಂದು ಅವರೇ ನೋಡಿ ಹೇಳಲಿ. ಬಾಯಿಮಾತಿನ ಉತ್ತರಕ್ಕೂ ಸೆಟ್ಟಿಂಗ್‌ಗೂ ನಡುವೆ ಕಾಣುವ ಅಂತರವೇ ಸಮೀಕ್ಷೆಯ ಅತ್ಯಂತ ಬೆಲೆಬಾಳುವ ಭಾಗ. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ನ ಕೆಫೆಗಳಲ್ಲಿ ಮಾತ್ರ ಕೇಳಿದರೆ ಬೆಂಗಳೂರು ಸಿಗುವುದಿಲ್ಲ. ಪೀಣ್ಯದ ಕಾರ್ಖಾನೆ ಕೆಲಸಗಾರರು, ಕೆಂಗೇರಿ, ಯಲಹಂಕ, ಕೆ.ಆರ್. ಮಾರುಕಟ್ಟೆಯ ವ್ಯಾಪಾರಿಗಳೂ ಬರಬೇಕು.

ಎಷ್ಟು ಜನರನ್ನು ಕೇಳಬೇಕು ಎಂಬಲ್ಲಿ ಪ್ರಾಜೆಕ್ಟ್‌ಗಳು ಎಡವುತ್ತವೆ. ಯಾದೃಚ್ಛಿಕವಾಗಿ ಆರಿಸಿದ 400 ಜನರ ಸಮೀಕ್ಷೆ ಸುಮಾರು 5 ಶೇಕಡಾ ಅಂಶ ಆಚೀಚೆ ಹೇಳಬಲ್ಲದು. 30%ರಿಂದ 32%ಕ್ಕೆ ಆದ ಏರಿಕೆ ಆ ಅನಿಶ್ಚಿತತೆಯೊಳಗೇ ಮುಳುಗುತ್ತದೆ. ಅಷ್ಟು ಸಣ್ಣ ಬದಲಾವಣೆಯನ್ನು 95% ವಿಶ್ವಾಸ ಮತ್ತು 80% ಪತ್ತೆ ಸಾಮರ್ಥ್ಯದೊಂದಿಗೆ ಹಿಡಿಯಲು ಪ್ರತಿ ಸುತ್ತಿನಲ್ಲೂ ಸುಮಾರು 8,400 ಜನ ಬೇಕು. ಅಷ್ಟು ಕೈಲಾಗದಿದ್ದರೆ ಅದೇ 400 ಜನರನ್ನು ಮುಂದಿನ ವರ್ಷ ಮತ್ತೆ ಕೇಳಿ. ಅದೇ ವ್ಯಕ್ತಿಗಳಲ್ಲಿ ಆದ ಬದಲಾವಣೆ ಕಡಿಮೆ ಸಂಖ್ಯೆಯಲ್ಲೂ ಸ್ಪಷ್ಟವಾಗಿ ಕಾಣುತ್ತದೆ.

ಅಳತೆಗೋಲು ಬದಲಿಸಲೇಬೇಕಾದಾಗ

ಎಸ್‌ಎನ್‌ಐಯನ್ನೂ ಗೂಢಲಿಪಿಯೊಳಗೆ ಸೇರಿಸುವ ಇಸಿಎಚ್ ಎಂಬ ವಿಧಾನ ಬ್ರೌಸರ್‌ಗಳಿಗೆ ಬಂದಿದೆ. ಬಳಕೆದಾರರ ಖಾಸಗಿತನಕ್ಕೆ ಅದು ಒಳ್ಳೆಯದು, ಹೆಸರು ನೋಡಿ ಎಣಿಸುವವರಿಗೆ ಮಾತ್ರ ಮುಂದೆ ಬೇರೆ ದಾರಿ ಬೇಕಾಗುತ್ತದೆ. ಕಚೇರಿಯ ಯಂತ್ರಗಳಲ್ಲಿ ಅಳವಡಿಸಿದ ತಂತ್ರಾಂಶಗಳ ಪಟ್ಟಿ, ಅಡ್ಮಿನ್ ಪೋರ್ಟಲ್‌ಗಳ ಬಳಕೆ ವರದಿ, ಸಮೀಕ್ಷೆ, ಹೀಗೆ. ಬದಲಿಸುವಾಗ ಹಳೆಯದನ್ನು ನಿಲ್ಲಿಸಿ ಹೊಸದನ್ನು ಶುರು ಮಾಡಬೇಡಿ. ಕನಿಷ್ಠ ಒಂದು ಪೂರ್ತಿ ತಿಂಗಳು ಎರಡನ್ನೂ ಜೊತೆಯಾಗಿ ಓಡಿಸಿ. ಹಳೆಯ ವಿಧಾನ 2,080 ಸಾಧನ ಎಂದ ತಿಂಗಳಲ್ಲಿ ಹೊಸದು 1,870 ಎಂದರೆ ಅನುಪಾತ 0.90. ಹಿಂದಿನ ಅಂಕಿಗಳನ್ನು ಅದರಿಂದ ಗುಣಿಸಿ ಹೊಸ ಸರಣಿಯ ಪಕ್ಕದಲ್ಲಿಡಬಹುದು. ಈ ಅನುಪಾತವನ್ನು ಪ್ರತಿ ಸೇವೆಗೂ ಬೇರೆಬೇರೆಯಾಗಿ ಲೆಕ್ಕ ಹಾಕಿ, ಫೋನ್ ಮತ್ತು ಲ್ಯಾಪ್‌ಟಾಪ್‌ಗಳಿಗೂ ಬೇರೆಯಾಗಿ. ಐಫೋನ್‌ನ ಐಕ್ಲೌಡ್‌ಗೆ ಬಂದ ಅನುಪಾತವನ್ನು ಲ್ಯಾಪ್‌ಟಾಪ್‌ನ ಡ್ರಾಪ್‌ಬಾಕ್ಸ್‌ಗೆ ಹಚ್ಚಿದರೆ ಎರಡರ ಸರಣಿಯೂ ಕೆಡುತ್ತದೆ.